ಕಂಪನಿಯ ಮೀನು ಸಾಯುವುದಿಲ್ಲ

ನಮ್ಮ ಕಾಲೋನಿಯ ಪಕ್ಕದ ಕಾಲುವೆಗೆ ಬಿಳಿ ಕೋಳಿಯೊಂದು ಸೋಮವಾರ ಬಿದ್ದರೆ ನೀಲಿಯಾಗಿ ಮೇಲೆ ಬರುತ್ತಿತ್ತು, ಗುರುವಾರ ಬಿದ್ದರೆ ಗುಲಾಬಿಯಾಗಿ. ಒಂದು ಕಾಗೆ ಅದರಲ್ಲಿ ಮಿಂದು ಗೂಡಿಗೆ ಹೋದಾಗ ಅದರ ಹೆಂಡತಿ ಪರಪುರುಷ ಬಂದನೆಂದು ಕುಕ್ಕಿ ಓಡಿಸಿತಂತೆ. ಇದನ್ನು ಕಣ್ಣಾರೆ ಕಂಡಿಲ್ಲ. ಕಂಡವರನ್ನು ಮಾತ್ರ ಕಂಡಿದ್ದೇನೆ. ದಿಬ್ಬದ ಮೇಲೆ ಕುಳಿತಿರುವ ಕಂಪನಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುತ್ತದೆ. ಜಗತ್ತಿನ ಅರ್ಧ ಜನರ ಅಂಗಿಯಲ್ಲಿ ಇರುವುದು ಇವರದೇ ಬಣ್ಣ, ಉಳಿದರ್ಧ ಜನ ಅಂಗಿಯನ್ನೇ ತೊಡುವುದಿಲ್ಲ ಎಂದು ಅವರ ಮಾರಾಟ ವಿಭಾಗದವರು ಎದೆ ತಟ್ಟಿ ಹೇಳುತ್ತಿದ್ದರು. ಯಾವ ದೇಶದಲ್ಲಿ ಯಾವ ಬಣ್ಣಕ್ಕೆ ಗಿರಾಕಿ ಹೆಚ್ಚಿದೆ ಎಂದು ತಿಳಿಯಲು ನಾವು ಪತ್ರಿಕೆ ಓದಬೇಕಿರಲಿಲ್ಲ, ಕಾಲುವೆ ನೋಡಿದರೆ ಸಾಕಿತ್ತು.

ಈ ಕಂಪನಿಯ ಮುಂಬಾಗಿಲಲ್ಲಿ ಒಂದು ಸಿಮೆಂಟಿನ ತೊಟ್ಟಿ. ಅದರ ತುಂಬ ಕೆಂಪು ಮೀನು. ಆ ಮೀನುಗಳನ್ನು ನೋಡಿಕೊಳ್ಳುವ ಮನುಷ್ಯನಿಗೆ ಹೆತ್ತವರು ಏನೋ ಒಂದು ಹೆಸರು ಇಟ್ಟಿದ್ದರು. ಅದು ಈಗ ಅವನಿಗೇ ಮರೆತುಹೋಗಿದೆ. ಹಾಲು ಕುಡಿಯುವ ಕೂಸಿನಿಂದ ಹಲ್ಲುದುರಿದ ಮುದುಕಿಯವರೆಗೆ ಎಲ್ಲರಿಗೂ ಅವನು ಮೀನು ಮಾವ.

ಮೀನು ಮಾವ ಮೊದಲು ಕಂಪನಿಯ ತೋಟದ ಮಾಲಿ. ಒಂದು ಕಡೆ ಕೂತ ಆಸಾಮಿಯಲ್ಲ. ಅವನ ಅಂಗಾಲಿನಲ್ಲಿ ಇರುವೆ ಗೂಡು ಕಟ್ಟಿವೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಊಟಕ್ಕೆ ಕೂತರೆ ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುವನು. ಬಾಯಿಯೂ ಹಾಗೆಯೇ. ತಾನು ನೆಟ್ಟ ಬಳ್ಳಿ ಎಷ್ಟು ಬೇಗ ಬೆಳೆಯಿತೆಂದರೆ ಅದರ ಮೇಲೆ ಕೂತಿದ್ದ ಓತಿಕ್ಯಾತ ತಲೆಸುತ್ತು ಬಂದು ಬಿತ್ತು ಎಂದು ಮುಖ ಒಂದಿಷ್ಟೂ ಅಲ್ಲಾಡಿಸದೆ ಹೇಳಬಲ್ಲವನು. ಅವನು ನಿಜ ಹೇಳಿದರೂ ಜನ ನಗುತ್ತಿದ್ದರು. ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ತೊಟ್ಟಿ ಬಂದದ್ದು ಹೀಗೆ. ಕಾಲೋನಿಯ ಬಾವಿಗಳಿಗೆ ಬಣ್ಣ ಇಳಿದು, ಹೆಂಗಸರು ಕೊಡ ಹೊತ್ತು ಗೇಟಿನ ಮುಂದೆ ಕೂತ ವರ್ಷ, ಹಳೆಯ ಮ್ಯಾನೇಜರು ಒಂದು ಉಪಾಯ ಹೂಡಿದರು. ಕಾರ್ಖಾನೆಯಿಂದ ಹೊರಬರುವ ನೀರನ್ನು ಶುದ್ಧೀಕರಣ ಘಟಕದಲ್ಲಿ ಸೋಸಿ, ಅದೇ ನೀರನ್ನು ತೊಟ್ಟಿಗೆ ಬಿಟ್ಟು, ಅದರಲ್ಲಿ ಮೀನು ಸಾಕುವುದು. ಬಂದವರು ನೋಡಲಿ. ಮೀನೇ ಬದುಕಿರುವಾಗ ನೀರಿಗೆ ಏನು ರೋಗ? ತೊಟ್ಟಿ ಕಟ್ಟಿದರು, ಮೀನು ಬಿಟ್ಟರು. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ಆಕಾಶ ನೋಡುತ್ತಿದ್ದವು. ಮತ್ತೆ ತಂದು ಬಿಟ್ಟರು. ಅವೂ ಆಕಾಶ ನೋಡಿದವು. ಆಗ ಮ್ಯಾನೇಜರು ಮಾಲಿಯನ್ನು ಕರೆದರು.

"ನೋಡು, ಇವತ್ತಿಂದ ಈ ತೊಟ್ಟಿ ನಿಂದು. ಮೀನು ಸಾಯಬಾರದು."

"ಹೆಂಗೆ ಸಾರ್?"

"ಹೆಂಗೆ ಅಂತ ನನ್ನ ಕೇಳ್ಬೇಡ. ನೀನು ಏನು ಮಾಡ್ದೆ ಅಂತ ನಂಗೆ ಹೇಳಲೂ ಬೇಡ."

ಇಷ್ಟು ಸ್ಪಷ್ಟವಾದ ಆಜ್ಞೆ ಆ ಕಾರ್ಖಾನೆಯಲ್ಲಿ ಅದಕ್ಕೆ ಮುಂಚೆಯೂ ಹೊರಟಿರಲಿಲ್ಲ, ಆಮೇಲೂ ಹೊರಡಲಿಲ್ಲ. ಮಾಲಿ ತೊಟ್ಟಿಯ ಹಿಂದೆ ಪೊದೆಯೊಳಗೆ ನುಗ್ಗಿ, ಘಟಕದಿಂದ ಬರುವ ಪೈಪಿನ ವಾಲ್ವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದ. ತೋಟಕ್ಕೆ ನೀರುಣಿಸುವ ಕೊಳವೆ ಬಾವಿಯಿಂದ ರಬ್ಬರ್ ಪೈಪು ಎಳೆದು, ಮಣ್ಣು ಮುಚ್ಚಿ, ಅದರ ಬಾಯಿಯನ್ನು ತೊಟ್ಟಿಯ ತಳಕ್ಕೆ ಇಳಿಸಿದ. ಆ ಬಾವಿ ದಿಬ್ಬದ ನೆತ್ತಿಯಲ್ಲಿತ್ತು. ಬಣ್ಣ ಇಳಿಯುವುದು ಕೆಳಗೆ ತಾನೇ, ಮೇಲಕ್ಕೆ ಹತ್ತುವುದಿಲ್ಲವಲ್ಲ. ಮೀನುಗಳು ಬದುಕಿದವು. ಬದುಕಿದವು ಎಂದರೆ ಸಾಲದು, ಕೊಬ್ಬಿದವು. ಎಲ್ಲಕ್ಕಿಂತ ದೊಡ್ಡ ಮೀನಿಗೆ ಮೀನು ಮಾವ ಚೇರ್ಮನ್ ಎಂದು ಹೆಸರಿಟ್ಟ. ಅದು ಒಮ್ಮೆ ಬಾಲ ಬಡಿದರೆ ಗೇಟಿನ ವಾಚ್‌ಮನ್ ಕೊಡೆ ಬಿಚ್ಚುತ್ತಿದ್ದ. ಅದರ ಹಿಂದೆ ತಿರುಗುವ ದಪ್ಪ ಮೀನುಗಳು ಡೈರೆಕ್ಟರುಗಳು. ಇವರು ತಿಂದು ಬಿಟ್ಟದ್ದಕ್ಕೆ ಕಾಯುವ ಸಣ್ಣ ಮೀನುಗಳೆಲ್ಲ ಟೆಂಪರರಿಗಳು.

ಆಮೇಲೆ ಎಲ್ಲವೂ ತಾನಾಗಿ ನಡೆಯಿತು. ನೀರಿನ ಪರೀಕ್ಷೆಗೆ ಬಂದ ಅಧಿಕಾರಿಗಳು ಮೊದಲು ಮೀನು ನೋಡಿದರು, ಆಮೇಲೆ ಟೀ ಕುಡಿದರು. ಲ್ಯಾಬಿನವರು ಬಾಟಲಿಗೆ ನೀರು ತುಂಬಿಕೊಂಡದ್ದೂ ತೊಟ್ಟಿಯಿಂದಲೇ. ಸೋಸಿದ ನೀರಿನ ಕೊನೆಯ ನಿಲ್ದಾಣ ಅದೇ ಎಂದು ನಕ್ಷೆಯಲ್ಲಿ ಬರೆದಿತ್ತಲ್ಲ. ನೀರು ಅಮೃತದಂತಿದೆ ಎಂದು ಫಲಿತಾಂಶ ಬಂತು. ಪರಿಸರ ಕಾಪಾಡಿದ್ದಕ್ಕೆ ಕಂಪನಿಗೆ ಪ್ರಶಸ್ತಿ ಬಂತು. ಪ್ರತಿ ವರ್ಷ ಹೊಳೆಯುವ ಕಾಗದದಲ್ಲಿ ಅಚ್ಚಾಗುವ ಪರಿಸರ ವರದಿಯ ಮುಖಪುಟದಲ್ಲಿ ಮೀನು ಮಾವ ಕೈಯಲ್ಲಿ ಮೇವು ಹಿಡಿದು ನಗುತ್ತಿದ್ದ, ಪಕ್ಕದಲ್ಲಿ ಚೇರ್ಮನ್, ಅಂದರೆ ಮೀನು. ಹಳೆಯ ಮ್ಯಾನೇಜರಿಗೆ ಬಡ್ತಿ ಸಿಕ್ಕಿ ಅವರು ಬೇರೆ ಊರಿಗೆ ಹೋದರು. ಏನನ್ನೂ ಕೇಳದೆ, ಯಾರಿಗೂ ಏನನ್ನೂ ಹೇಳದೆ ಹೋದರು.

ಹೊಸ ಮ್ಯಾನೇಜರು ಬಂದರು. ಕಷ್ಟ ಶುರುವಾದದ್ದೇ ಇಲ್ಲಿಂದ. ಈ ಮನುಷ್ಯ ಒಳ್ಳೆಯವರು. ಕಂಪನಿಯ ಹಳೆಯ ವರದಿಗಳನ್ನೆಲ್ಲ ಓದಿದ್ದರು. ಓದಿ ನಂಬಿಯೂ ಇದ್ದರು! ಅವನ್ನು ಬರೆದವರೂ ಅಷ್ಟು ದೂರ ಹೋಗಿರಲಿಲ್ಲ.

ಕಂಪನಿಗೆ ಬಣ್ಣದ ಇನ್ನೊಂದು ದೊಡ್ಡ ಕಾರ್ಖಾನೆ ಕಟ್ಟುವ ಆಸೆ. ಹೊರಗೆ ಬಿಡುವ ನೀರು ಈಗಿರುವುದಕ್ಕಿಂತ ಹೆಚ್ಚಾಗಬಾರದು, ಹೆಚ್ಚಾದದ್ದನ್ನು ಮತ್ತೆ ಬಳಸಬೇಕು ಎಂದು ಸರ್ಕಾರ ಹೇಳಿತು. ಹೊಸ ಮ್ಯಾನೇಜರು ಒಂದು ಮಧ್ಯಾಹ್ನ ತೊಟ್ಟಿಯ ಕಟ್ಟೆಯ ಮೇಲೆ ಮೀನು ಮಾವನ ಪಕ್ಕ ಕೂತು, ಕಣ್ಣಲ್ಲಿ ನೀರು ಬರುವಷ್ಟು ಸಂತೋಷದಿಂದ ಹೇಳಿದರು.

"ಮೀನು ಮಾವ, ನಿಮ್ಮ ಕಾಲೋನಿಯವರು ಟ್ಯಾಂಕರ್ ಮುಂದೆ ಕೊಡ ಹಿಡ್ಕೊಂಡು ಜಗಳ ಆಡೋದು ನೋಡಿದ್ದೀನಿ. ಇಲ್ಲಿ ಇಷ್ಟು ಒಳ್ಳೆ ನೀರು ಇದೆ. ಪೈಪ್ ಹಾಕ್ಸಿ ನಿಮ್ಮ ಬೀದಿಗೇ ಕೊಟ್ಬಿಡ್ತೀನಿ. ಮೊದಲ ನಲ್ಲಿ ನಿಮ್ಮ ಮಗಳ ಮನೆ ಮುಂದೆ."

ಮೀನು ಮಾವ ಕಟ್ಟೆಯಿಂದ ಎದ್ದ, ಮತ್ತೆ ಕೂತ.

"ತೋಟಕ್ಕೆ ಬಿಡೋಕಾ ಸಾರ್?"

"ಕುಡಿಯೋಕೆ! ಮೀನು ಕುಡೀತಿಲ್ವಾ?"

"ಮೀನಿನ ಹೊಟ್ಟೆ ಬೇರೆ, ಮನುಷ್ಯರ ಹೊಟ್ಟೆ ಬೇರೆ ಸಾರ್. ಮೀನು ಹುಳ ತಿಂದೂ ಬದುಕುತ್ತೆ."

ಮ್ಯಾನೇಜರು ಬಿದ್ದು ಬಿದ್ದು ನಕ್ಕರು. "ನಿಮ್ಮ ತಮಾಷೆ ಬಗ್ಗೆ ಎಲ್ಲಾ ಹೇಳಿದ್ರು," ಎಂದು ಅವನ ಬೆನ್ನು ತಟ್ಟಿ ಎದ್ದರು.

ಮೀನು ಮಾವ ಮಗಳನ್ನು ಕಾಲೋನಿಯಲ್ಲೇ, ಕೆಳಗಿನ ಬೀದಿಗೆ ಕೊಟ್ಟಿದ್ದ. ಅವಳಿಗೊಂದು ಕೂಸು, ಆಗತಾನೆ ಮೊಲೆ ಬಿಡಿಸಿ ಬಟ್ಟಲಲ್ಲಿ ನೀರು ಕುಡಿಸುತ್ತಿದ್ದ ಕೂಸು. ಅಂದು ಮೀನು ಮಾವ ಮನೆಗೆ ಹೋಗದೆ ನೇರ ಮಗಳ ಬಾಗಿಲಿಗೆ ಹೋದ. ಬೀದಿಯುದ್ದಕ್ಕೂ ಆಗಲೇ ಗುಂಡಿ ತೋಡುತ್ತಿದ್ದರು. ಕಂಪನಿ ಒಂದು ಬಲ್ಬು ಬದಲಿಸಲು ಆರು ತಿಂಗಳು ತೆಗೆದುಕೊಳ್ಳುವಂಥದ್ದು, ಈ ಪೈಪನ್ನು ಮಾತ್ರ ಹಾವು ಬಿಲಕ್ಕೆ ನುಗ್ಗಿದಂತೆ ನುಗ್ಗಿಸುತ್ತಿತ್ತು. ಮಗಳು ಸೊಂಟದಲ್ಲಿ ಕೂಸು ಹೊತ್ತು ಗುಂಡಿ ನೋಡುತ್ತ ನಿಂತಿದ್ದಳು.

"ಅಪ್ಪಾ, ನಿನ್ನ ನೀರು ನಮ್ಮ ಬಾಗಿಲಿಗೇ ಬರ್ತಿದೆ ನೋಡು! ಬೀದಿ ಹೆಂಗಸರೆಲ್ಲ ನಂಗೆ ನಮಸ್ಕಾರ ಹಾಕೋದೊಂದು ಬಾಕಿ."

"ಆ ನೀರು ಕುಡೀಬೇಡ ಕಣೇ."

"ಯಾಕೆ?"

ನಿಜ ನಾಲಗೆಯ ಬುಡದವರೆಗೆ ಬಂತು. ಅಲ್ಲಿಂದ ಹೊರಗೆ ಬರುವಷ್ಟರಲ್ಲಿ ಹಳೆಯ ಚಾಳಿ ಅಡ್ಡ ಬಂತು. "ಅದರಲ್ಲಿ ಮೀನು ಉಚ್ಚೆ ಹೊಯ್ಯುತ್ತೆ."

"ಥೂ! ಕಾಯಿಸಿ ಕುಡಿತೀನಿ ಬಿಡು," ಎಂದು ಅವಳು ನಕ್ಕಳು. ಕೂಸೂ ನಕ್ಕಿತು. ಗುಂಡಿಯೊಳಗಿದ್ದ ಕೂಲಿಯವನೂ ನಕ್ಕ. ಮೀನು ಮಾವ ಬೀದಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆದ, ತಿರುಗಿ ಬಂದ, ಮತ್ತೆ ನಡೆದ. ಅವನ ಚಪ್ಪಲಿ ಸವೆದ ಪುಡಿಯಲ್ಲಿ ಆ ವಾರ ಬೀದಿಗೆ ಹೊಸ ಮಣ್ಣು ಹಾಕಿಸುವ ಖರ್ಚು ಉಳಿಯಿತು.

ಮನೆಯಲ್ಲಿ ಹೆಂಡತಿ ನೋಡಿದಳು. ತಟ್ಟೆಯ ಮುಂದೆ ಕೂತವನು ತುತ್ತಿಗೊಮ್ಮೆ ಏಳುವುದು ಇದ್ದದ್ದೇ. ಈಗ ತುತ್ತು ಕಲಸುವ ಮೊದಲೇ ಏಳುತ್ತಿದ್ದ.

"ಏನ್ರೀ ಆಗಿದೆ ನಿಮಗೆ? ಬಾಲ ಸುಟ್ಟ ಬೆಕ್ಕಿನ ಥರ ಆಡ್ತೀರಲ್ಲ."

"ಏನಿಲ್ಲ. ಚೇರ್ಮನ್‌ಗೆ ಹುಷಾರಿಲ್ಲ."

"ಆ ಮೀನಿಗೆ ಹುಷಾರಿಲ್ದಿದ್ರೆ ನಿಮಗ್ಯಾಕೆ ಬೆವರು?"

ಮೀನು ಮಾವ ಎದ್ದು ಬಾಗಿಲಿಗೆ ಹೋದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಅದು ಹೋಗಲಿ. ವರ್ಷಾನುಗಟ್ಟಲೆ ಊರಿಗೆಲ್ಲ ಬಾವಿ ನೀರಿನ ಮೀನು ತೋರಿಸಿದವನು ತಾನೇ ಎಂದು ಮಗಳಿಗೆ ತಿಳಿಯುತ್ತದಲ್ಲ! ಅವಳ ಅತ್ತೆಯ ಹೊಟ್ಟೆನೋವು, ಪಕ್ಕದ ಮನೆಯವರ ಮೈತುರಿಕೆ, ಇದಕ್ಕೆಲ್ಲ ಕಾಲುವೆಯೇ ಕಾರಣ ಎಂದು ಕೂಗಿದವರ ಬಾಯಿ ಮುಚ್ಚಿಸಿದ್ದು ಆ ಮೀನುಗಳೇ. ಆದರೂ ಆಸೆ ಎನ್ನುವುದು ಸಾಯುವಾಗಲೂ ಒಂದು ಕಣ್ಣು ತೆರೆದಿರುತ್ತದೆ. ಶುದ್ಧೀಕರಣ ಘಟಕಕ್ಕೆ ಈಚೆಗೆ ಹೊಸ ಯಂತ್ರ ಹಾಕಿದ್ದಾರೆ, ನೀರು ಈಗ ಬಣ್ಣವಿಲ್ಲದೆ ಗಾಜಿನಂತೆ ಬರುತ್ತಿದೆ. ಯಾರಿಗೆ ಗೊತ್ತು, ನಿಜವಾಗಿಯೂ ಸರಿಹೋಗಿದ್ದರೆ?

ನಲ್ಲಿ ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಅವನು ಪೊದೆಯೊಳಗೆ ಕೂತು, ಮುಚ್ಚಿದ್ದ ವಾಲ್ವಿನ ಪಕ್ಕ ಪೈಪಿಗಿದ್ದ ಸಣ್ಣ ಕಿಂಡಿಯ ಬಿರಡೆ ತೆಗೆದು ಒಂದು ಬಕೆಟ್ಟಿಗೆ ಘಟಕದ ನೀರು ಹಿಡಿದ. ವಾಸನೆ ನೋಡಿದ, ಏನೂ ಇಲ್ಲ. ಬಣ್ಣ, ಏನೂ ಇಲ್ಲ. ತೊಟ್ಟಿಯಿಂದ ಒಂದು ಮೀನು ಹಿಡಿದು ಅದರಲ್ಲಿ ಬಿಟ್ಟ. ಚೇರ್ಮನ್‌ನನ್ನು ಬಿಡಲು ಮನಸ್ಸು ಬರಲಿಲ್ಲ, ಡೈರೆಕ್ಟರುಗಳೂ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಟೆಂಪರರಿ. ಎಲ್ಲ ಕಡೆ ಹಾಗೆಯೇ ತಾನೇ.

ಬಕೆಟ್ಟನ್ನು ಮಾಲಿಗಳ ಗೂಡಿನಲ್ಲಿಟ್ಟು ಹೊರಗೆ ಬಂದ. ಗಿಡ ಕತ್ತರಿಸಲು ಹೋಗಿ ಹೂವನ್ನೇ ಕತ್ತರಿಸಿದ. ಒಳಗೆ ಹೋಗಿ ನೋಡಿದ, ಮೀನು ಈಜುತ್ತಿತ್ತು. ವಾಚ್‌ಮನ್ ಹತ್ತಿರ ಹೋಗಿ ಬೀಡಿ ಕೇಳಿದ, ಹಚ್ಚದೆ ವಾಪಸು ಕೊಟ್ಟ. ಮತ್ತೆ ನೋಡಿದ, ಈಜುತ್ತಿತ್ತು. ಎದೆ ಹಗುರವಾಗಿ, "ಬದುಕು ಮರಿ, ಬದುಕು, ನಿನ್ನ ಪರ್ಮನೆಂಟ್ ಮಾಡಿಸ್ತೀನಿ," ಎಂದು ಅದಕ್ಕೆ ಮಾತು ಕೊಟ್ಟ.

"ಏನಯ್ಯಾ, ಹೊಟ್ಟೆ ಕೆಟ್ಟಿದ್ಯಾ? ಆ ಗೂಡಿಗೆ ಎಷ್ಟು ಸಲ ಓಡ್ತೀಯ?" ಎಂದು ವಾಚ್‌ಮನ್ ಕೂಗಿದ.

ಊಟದ ಗಂಟೆಯ ಹೊತ್ತಿಗೆ ಮೀನು ಒಂದು ಕಡೆಗೆ ವಾಲಿತು. ಬಾಯಿ ತೆರೆದು ನೀರಿನ ಮೇಲ್ಭಾಗಕ್ಕೆ ಬಂದು ಗಾಳಿ ಕಚ್ಚಿತು. ಮೀನು ಮಾವ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ತೊಟ್ಟಿಗೆ ಓಡಿದ. ತೊಟ್ಟಿಯ ಒಳ್ಳೆಯ ನೀರಿನಲ್ಲೂ ಅದು ಒಮ್ಮೆ ಮಗುಚಿತು, ಹಾಗೆಯೇ ತೇಲಿತು. ಚೇರ್ಮನ್ ಹತ್ತಿರ ಬಂದು ಮೂಸಿ, ತನಗೆ ಸಂಬಂಧವಿಲ್ಲದ ವಿಷಯವೆಂದು ತಿರುಗಿ ಹೋಯಿತು.

ಆಮೇಲೆ ಮೀನು ಮಾವ ಮ್ಯಾನೇಜರ ಕೋಣೆಗೆ ಹೋದ. ಹೊರಗೆ ನಿಂತ, ಒಳಗೆ ಕರೆದಾಗ ಒಳಗೂ ಹೋದ. ಕೋಣೆಯ ತುಂಬ ಬಂಟಿಂಗು, ರಿಬ್ಬನ್ನು, ಹೊಸ ಬಟ್ಟೆ ತೊಟ್ಟ ಕಾರಕೂನರು.

"ಬನ್ನಿ ಮಾವ! ನಾಳೆ ನೀವೂ ವೇದಿಕೆ ಮೇಲೆ. ಏನು ವಿಷಯ?"

"ಸಾರ್, ಒಂದು ಟೆಂಪರರಿ ಸತ್ತ."

ಕಾರಕೂನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀನುಗಳ ಹೆಸರು ಕಾರ್ಖಾನೆಗೆಲ್ಲ ಗೊತ್ತಿತ್ತಲ್ಲ. "ಪರಿಹಾರ ಕೊಡೋಣ ಬಿಡಿ," ಎಂದರು ಮ್ಯಾನೇಜರು. ಅಷ್ಟರಲ್ಲಿ ಯಾರೋ ಶಾಮಿಯಾನದವನನ್ನು ಕರೆತಂದರು. ಮೀನು ಮಾವ ಬಾಗಿಲ ಕಡೆ ಸರಿದ. ಸರಿದದ್ದು ಹೇಗೆ, ಹೊರಗೆ ಬಂದದ್ದು ಹೇಗೆ ಎಂದು ಅವನ ಕಾಲುಗಳಿಗೇ ಗೊತ್ತು.

ಮರುದಿನ ಬೆಳಿಗ್ಗೆ ಮಗಳ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡಗಳ ಸಾಲು ಎಷ್ಟು ಉದ್ದವೆಂದರೆ ಅದರ ಕೊನೆಯ ಕೊಡ ಮುಂದಿನ ಊರಿನವರದ್ದು ಎಂದು ಒಂದು ವಾದ. ಹೊಳೆಯುವ ಹಿತ್ತಾಳೆ ನಲ್ಲಿ, ಅದರ ಕೊರಳಿಗೆ ರಿಬ್ಬನ್ನು. ಒಂದು ಪಕ್ಕದಲ್ಲಿ ಮ್ಯಾನೇಜರು, ಇನ್ನೊಂದು ಪಕ್ಕದಲ್ಲಿ ಮೀನು ಮಾವ, ಇಬ್ಬರ ನಡುವೆ ಮೊದಲ ಕೊಡ ಹಿಡಿದ ಮಗಳು. ಕೂಸು ಅಜ್ಜಿಯ ತೋಳಲ್ಲಿ. ಮ್ಯಾನೇಜರು ಭಾಷಣ ಮಾಡಿದರು. ಕಂಪನಿಯ ವ್ಯಾಪಾರ ಎಷ್ಟು ದೇಶಕ್ಕೆ ಹಬ್ಬಿದೆ, ಹೊಸ ಕಾರ್ಖಾನೆಯಿಂದ ಎಷ್ಟು ಮಂದಿಗೆ ಕೆಲಸ ಸಿಗುತ್ತದೆ, ಕಂಪನಿಯ ಪರಿಸರದ ದಾಖಲೆ ಹೇಗೆ ಕನ್ನಡಿಯಂತಿದೆ. ಮೀನು ಮಾವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಅಂಗಿಯ ಗುಂಡಿ ತಿರುಗಿಸುತ್ತ ನಿಂತಿದ್ದ. ಗುಂಡಿ ಕಿತ್ತು ಕೈಗೆ ಬಂತು. ಇನ್ನೊಂದನ್ನು ಹಿಡಿದ.

"ನನ್ನ ಮಾತು ನಂಬಬೇಡಿ," ಎಂದು ಮ್ಯಾನೇಜರು ರಿಬ್ಬನ್ ಕತ್ತರಿಸಿದರು. "ಮೊದಲು ನಾನೇ ಕುಡಿತೀನಿ."

ಗಾಜಿನ ಲೋಟಕ್ಕೆ ನೀರು ಹಿಡಿದು, ಎಲ್ಲರಿಗೂ ಕಾಣುವಂತೆ ಎತ್ತಿ, ತುಟಿಗೆ ತಂದರು.

ಲೋಟ ಹಾರಿತು. ರಸ್ತೆಗೆ ಬಿದ್ದು ಚೂರಾಯಿತು. ಮೀನು ಮಾವನ ಕೈ ಇನ್ನೂ ಗಾಳಿಯಲ್ಲಿತ್ತು. ಹೊಡೆದದ್ದು ತಾನೇ ಎಂದು ಅವನಿಗೇ ತಡವಾಗಿ ತಿಳಿದಂತಿತ್ತು.

"ಏನ್ ಮಾವ ಇದು?"

"ನೊಣ ಸಾರ್. ನೊಣ ಬಿದ್ದಿತ್ತು. ನನ್ನ ಹೆಬ್ಬೆರಳಷ್ಟು ದಪ್ಪ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಿಟ್ಟ ಉಸಿರಿನ ಜೊತೆ ಇಡೀ ಬೀದಿ ನಕ್ಕಿತು. ಮ್ಯಾನೇಜರೂ ನಕ್ಕು, "ಇನ್ನೊಂದು ಲೋಟ ಕೊಡ್ರಪ್ಪಾ," ಎಂದರು. ಇನ್ನೊಂದು ಲೋಟ ಬಂತು. ನೀರು ತುಂಬಿತು. ಲೋಟ ಮೇಲೇರಿತು. ಕೆಳಗೆ ಮಗಳು ನಲ್ಲಿಗೆ ಕೊಡ ಒಡ್ಡಿದಳು. ಕೊಡದ ತಳಕ್ಕೆ ನೀರು ಬಿದ್ದು ಧೋ ಎಂದಿತು.

ಈ ಸಲ ಮೀನು ಮಾವ ಹೊಡೆಯಲಿಲ್ಲ. ಮ್ಯಾನೇಜರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ. ಬಿಡಿಸಿಕೊಳ್ಳಲು ಅವರು ನೋಡಿದರು, ಆಗಲಿಲ್ಲ. ಮಗಳು ತಲೆ ಎತ್ತಿದಳು. ಅಪ್ಪ ತಮಾಷೆ ಮಾಡುವಾಗಿನ ಮುಖ ಅವಳಿಗೆ ತೊಟ್ಟಿಲಿಂದ ಗೊತ್ತು. ಇದು ಆ ಮುಖವಲ್ಲ. ನಲ್ಲಿ ನಿಲ್ಲಿಸಿದಳು.

"ಅಪ್ಪಾ, ನಾನು ಇದನ್ನ ಮನೆಗೆ ತಗೊಂಡು ಹೋಗ್ಲಾ?"

"ಬೇಡ."

"ಇವರು ಕುಡೀಬಹುದಾ?"

"ಅವರೂ ಬೇಡ."

"ಮತ್ತೆ ಮೀನು?"

ಮೀನು ಮಾವ ಬಾಯಿ ತೆರೆದ. ಬಾಯಿಗೆ ಯಾವ ನೊಣವೂ, ಯಾವ ಓತಿಕ್ಯಾತವೂ ಬರಲಿಲ್ಲ. "ಮೀನು ಇರೋದು ತೋಟದ ಬಾವಿ ನೀರಲ್ಲಿ, ಮಗಳೇ. ಮೊದಲಿಂದಲೂ. ಈ ನೀರಲ್ಲಿ ಬಿಟ್ಟದ್ದು ನಿನ್ನೆ ಮಧ್ಯಾಹ್ನ ಸತ್ತುಹೋಯ್ತು."

ಈ ಸಲ ಯಾರೂ ನಗಲಿಲ್ಲ. ಮಗಳು ಕೊಡವನ್ನು ಅಲ್ಲೇ ಬೋರಲು ಹಾಕಿದಳು. ನೀರು ಮ್ಯಾನೇಜರ ಹೊಸ ಬೂಟಿನ ಮೇಲೆ ಹರಿಯಿತು.

ಮ್ಯಾನೇಜರ ಮುಖ ಸುಣ್ಣದಂತಾಯಿತು. ಕೂಗಾಡುತ್ತಾರೆ ಎಂದುಕೊಂಡರೆ ಕೂಗಲಿಲ್ಲ. "ತೋರಿಸಿ," ಎಂದರು. ದಿಬ್ಬ ಹತ್ತುವಾಗ ಮುಂದೆ ಮೀನು ಮಾವ, ಹಿಂದೆ ಮ್ಯಾನೇಜರು, ಅವರ ಹಿಂದೆ ಕೊಡಗಳ ಸಮೇತ ಇಡೀ ಕಾಲೋನಿ. ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತು, "ಪಾಸು? ಇಷ್ಟು ಜನಕ್ಕೂ ಪಾಸು ಎಲ್ಲಿ?" ಎಂದ. ಅಷ್ಟು ಕೊಡಗಳನ್ನು ಒಟ್ಟಿಗೆ ಕಂಡವನು ತಾನೇ ಗೇಟು ತೆಗೆದು ಗಿಡದ ಹಿಂದೆ ನಿಂತ.

ಪೊದೆ ಸರಿಸಿ ಮ್ಯಾನೇಜರು ಮಂಡಿಯೂರಿ ನೋಡಿದರು. ವಾಲ್ವಿಗೆ ತುಕ್ಕು ಹಿಡಿದು ಅದು ಪೈಪಿನ ಜೊತೆ ಒಂದಾಗಿತ್ತು. ಮಣ್ಣಿನೊಳಗಿಂದ ರಬ್ಬರ್ ಪೈಪು ಎಳೆದರು. ಅದು ಬರುತ್ತಲೇ ಹೋಯಿತು, ಬಾವಿಯವರೆಗೂ. ಹಾಗೇ ನೆಲದ ಮೇಲೆ ಕೂತರು. ಪ್ಯಾಂಟು ಕೆಸರಾಯಿತು.

"ನಾನು ನಿಮ್ಮ ಮೊಮ್ಮಗೂಗೆ ಇದನ್ನ ಕುಡಿಸ್ತಿದ್ದೆ," ಎಂದರು. "ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳ್ದೆ ಸಾರ್, ಟೆಂಪರರಿ ಸತ್ತ ಅಂತ."

"ಅದು ಹೇಳೋದಾ ಮಾವ?"

ಅಲ್ಲ. ಅದು ಹೇಳಿದ್ದಲ್ಲ ಎಂದು ಮೀನು ಮಾವನಿಗೂ ಗೊತ್ತಿತ್ತು. ತಲೆ ತಗ್ಗಿಸಿದ.

ಮ್ಯಾನೇಜರು ಲ್ಯಾಬಿನವರನ್ನು ಕರೆಸಿದರು. ಬಾಟಲಿಗೆ ತೊಟ್ಟಿಯ ನೀರಲ್ಲ, ಕಿಂಡಿಯ ನೀರು ಹಿಡಿಯಿರಿ ಎಂದರು. ಅದು ಅವರು ಆ ಕಂಪನಿಯಲ್ಲಿ ಕೊಟ್ಟ ಕೊನೆಯ ಆಜ್ಞೆ. ಮರುವಾರ ಅವರನ್ನು ಎಲ್ಲಿಗೋ ಎತ್ತಿಹಾಕಿದರು. ಮೀನು ಮಾವನನ್ನು ಎಲ್ಲಿಗೂ ಎತ್ತಿಹಾಕದೆ ಮನೆಗೇ ಕಳಿಸಿದರು. ನಲ್ಲಿಯ ಬಾಯಿಗೆ ಸಿಮೆಂಟು ಬಿತ್ತು. ಇಷ್ಟಕ್ಕೆಲ್ಲ ಕಂಪನಿ ಮುಳುಗಿತೆಂದು ಯಾರೂ ತಿಳಿಯಬಾರದು. ಅಂಥ ಹಡಗು ಒಂದು ಕಿಂಡಿಗೆ ಮುಳುಗುವುದಿಲ್ಲ. ಲ್ಯಾಬಿನ ಬಾಟಲಿ ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರಿಗೂ ತಿಳಿಯದು. ಮುಚ್ಚಳದೊಳಗಿಂದಲೇ ಆವಿಯಾಗುವ ನೀರು ಅದೊಂದೇ ಇರಬೇಕು.

ಆದರೆ ಆ ದಿನ ಲ್ಯಾಬಿನವರು ಹೋದ ಮೇಲೆ ಮಗಳು ಪೊದೆಯ ಹತ್ತಿರವೇ ನಿಂತಿದ್ದಳು. ಕೂಸಿನ ಹಾಲಿನ ಬಾಟಲಿಯನ್ನು ಚೀಲದಿಂದ ತೆಗೆದು, ಅದರಲ್ಲಿದ್ದದ್ದನ್ನು ಚೆಲ್ಲಿ, ಬಾವಿ ನೀರಲ್ಲಿ ತೊಳೆದು, ಕಿಂಡಿಗೆ ಹಿಡಿದಳು. ತುಂಬಿಸಿ, ಮುಚ್ಚಳ ಬಿಗಿದು, ಸೆರಗಿನಲ್ಲಿ ಸುತ್ತಿದಳು.

"ಅದ್ಯಾಕೆ?" ಎಂದ ಮೀನು ಮಾವ.

"ಪಟ್ಟಣದಲ್ಲಿ ಬೇರೆ ಲ್ಯಾಬ್ ಇದೆಯಂತೆ. ಪರೀಕ್ಷೆ ಮಾಡಿಸ್ತೀನಿ."

"ನಾನು ಹೇಳಿದ್ನಲ್ಲೇ. ನನ್ನ ಮಾತು ಸಾಲದಾ?"

ಅವಳು ಅವನನ್ನೇ ನೋಡಿದಳು. "ನಿನ್ನ ಮಾತಾ ಅಪ್ಪಾ? ಅತ್ತೆ ಹೊಟ್ಟೆನೋವು ಅಂತ ಹೊರಳಾಡ್ತಿದ್ದಾಗ, ಕಾಲುವೆ ನೀರಿಗೆ ಏನೂ ಆಗಿಲ್ಲ, ಮೀನು ನೋಡಿ ಅಂದವನು ನೀನೇ ಅಲ್ವಾ?"

ಕೂಸನ್ನು ಅಜ್ಜಿಯ ಬಳಿಯೇ ಬಿಟ್ಟು ಅವಳು ಗೇಟಿನ ಕಡೆ ಹೊರಟಳು. ಬಸ್ಸಿನ ನಿಲ್ದಾಣ ರಸ್ತೆಯ ಆಚೆ ಬದಿ. ಮೀನು ಮಾವ ಹಿಂದೆ ಹಿಂದೆ ಹೋದ. ಅವಳು ನಿಂತರೆ ನಿಂತ, ನಡೆದರೆ ನಡೆದ.

"ನಾನೂ ಬರ್ತೀನಿ."

"ಯಾಕೆ?"

"ಅಲ್ಲಿನವರು ಈ ನೀರು ಎಲ್ಲಿಂದ ತಂದದ್ದು ಅಂತ ಕೇಳ್ತಾರೆ. ಹೇಳೋಕೆ ಬೇಕಲ್ಲ ಯಾರಾದ್ರೂ."

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಹಿಂತಿರುಗಿದಳು.

"ಬಾ. ಆದ್ರೆ ಅಲ್ಲಿಗೆ ಹೋಗೋವರೆಗೂ ಒಂದು ಮಾತೂ ಆಡಬೇಡ."

ಮೀನು ಮಾವ ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕೂತ. ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದಾಗಲೂ ಬಾಯಿ ಬಿಡದೆ ಮುಂದಿನ ಸೀಟಿನ ಕಡೆ ಬೆರಳು ತೋರಿಸಿದ.